ಬೀಗ ನೋಡದೆ ಹೊರಟ ದಿನ

ಹೆದರಿಕೆಯಲ್ಲಿ ಎರಡು ಜಾತಿ. ಹಾವು, ಗುಡುಗು, ಆಪರೇಷನ್ನು, ಎದುರಿಗೆ ಬರುವ ಮರಳಿನ ಲಾರಿ, ಇವೆಲ್ಲ ಮರ್ಯಾದಸ್ಥ ಹೆದರಿಕೆಗಳು. ನಾಲ್ಕು ಜನರ ನಡುವೆ ಟೀ ಕುಡಿಯುತ್ತ ಹೇಳಿಕೊಳ್ಳಬಹುದು. ಕೇಳಿದವರು ನಮಗೂ ಹಾಗೇ ಎಂದು ತಮ್ಮದೊಂದನ್ನು ಸೇರಿಸುತ್ತಾರೆ. ಇನ್ನೊಂದು ಜಾತಿಯದನ್ನು ಹೇಳಿಕೊಂಡರೆ ಜನ ಮೊದಲು ನಗುತ್ತಾರೆ, ಆಮೇಲೆ ನಮ್ಮನ್ನೇ ಒಂದು ಥರಾ ನೋಡುತ್ತಾರೆ. ನನ್ನದು ಈ ಎರಡನೆಯ ಜಾತಿಗೆ ಸೇರಿದ್ದು. ನನಗೆ ನನ್ನ ಮನೆಯ ಬೀಗದ ಭಯ. ಬೆಳಿಗ್ಗೆ ಎಂಟು ಗಂಟೆಗೆ ಬೀಗ ಹಾಕುತ್ತೇನೆ, ಎರಡು ಸಲ ಜಗ್ಗುತ್ತೇನೆ, ಮೆಟ್ಟಿಲಿಳಿದು ಬೀದಿಯ ತಿರುವಿನ ಆಟೋ ಸ್ಟ್ಯಾಂಡಿನವರೆಗೆ ಹೋಗುತ್ತೇನೆ. ಅಲ್ಲಿಗೆ ಹೋದೊಡನೆ ಹೊಟ್ಟೆಯೊಳಗೆ ಒಂದು ಪ್ರಶ್ನೆ ಏಳುತ್ತದೆ: ಹಾಕಿದೆನೆ? ವಾಪಸು ಬಂದು ನೋಡುತ್ತೇನೆ. ಹಾಕಿರುತ್ತೇನೆ. ಮತ್ತೆ ತಿರುವಿಗೆ ಹೋಗುತ್ತೇನೆ. ಈಗ ನೋಡಿದ್ದು ಇವತ್ತೋ ನಿನ್ನೆಯೋ ಎಂಬ ಅನುಮಾನ ಬರುತ್ತದೆ. ಹೀಗೆ ದಿನಕ್ಕೆ ಮೂರು ಸಲ. ನಾಲ್ಕನೆಯ ಸಲ ಯಾಕೆ ಹೋಗುವುದಿಲ್ಲವೆಂದರೆ ಸ್ಕೂಲಿನ ಬೆಲ್ಲು ಹೊಡೆಯುತ್ತದೆ, ಅಷ್ಟೆ.

ಹಾಗಂತ ಒಳಗೆ ಕದಿಯುವಂಥದ್ದು ಏನಿದೆ ಎಂದು ಕೇಳಬೇಡಿ. ಒಂದು ಮಂಚ, ಒಂದು ಗ್ಯಾಸ್ ಒಲೆ, ಎರಡು ಪ್ಲಾಸ್ಟಿಕ್ ಕುರ್ಚಿ, ಅವುಗಳಲ್ಲಿ ಒಂದರ ಮೇಲೆ ಈ ಕಥೆ ನಡೆಯುವವರೆಗೆ ಯಾರೂ ಕೂತಿರಲಿಲ್ಲ. ಬೆಲೆಬಾಳುವ ವಸ್ತುವೆಂದರೆ ಬೀಗವೇ. ಅಮ್ಮ ಮಡಕಶಿರಾದ ಸಂತೆಯಲ್ಲಿ ಕೊಂಡದ್ದು, ಹಿತ್ತಾಳೆಯದು, ಕಲ್ಲಿನಷ್ಟು ಭಾರ. ಒತ್ತಿದರೆ ಬೀಳುವ ಈಗಿನ ಬೀಗಗಳಂತಲ್ಲ. ಬೀಗದ ಕೈ ಹಾಕಿ ತಿರುಗಿಸಿದರೆ ಮಾತ್ರ ಬೀಳುತ್ತದೆ. ನಾನಿರುವ ಕೋಣೆ ಆಂಧ್ರಕ್ಕೆ ಸೇರಿದ ಗಡಿ ಊರು ರಾಯದುರ್ಗದಲ್ಲಿ, ಒಂದು ಜೀನ್ಸ್ ಹೊಲಿಯುವ ಅಂಗಡಿಯ ಮೇಲೆ. ಕೆಳಗೆ ಮಸ್ತಾನ್ ಸಾಬರ ನಾಲ್ಕು ಮಿಷನ್ನುಗಳು ಬೆಳಗಿನಿಂದ ಸಂಜೆಯವರೆಗೆ ಗುರ್ರೆನ್ನುತ್ತವೆ. ಅರವತ್ತು ದಾಟಿದ ಸಾಬರು ಬಾಗಿಲ ಬಳಿ ಕೂತು ಪ್ಯಾಂಟುಗಳಿಗೆ ಗುಂಡಿ ಕೂರಿಸುತ್ತಾರೆ. ನಾನು ಮೊದಲನೆಯ ಸಲ ವಾಪಸು ಬರುವಾಗ ಸುಮ್ಮನಿರುತ್ತಾರೆ. ಎರಡನೆಯ ಸಲಕ್ಕೆ ತಲೆ ಎತ್ತದೆಯೇ "ಬೀಗ ಬಿದ್ದೈತ್ರಿ ಟೀಚರಮ್ಮ" ಎನ್ನುತ್ತಾರೆ. ಮೂರನೆಯ ಸಲವೂ ಅದೇ ಮಾತು, ಅದೇ ದನಿ. ತಮಾಷೆಯೆಂದರೆ ಮೆಟ್ಟಿಲು ಇರುವುದು ಕಟ್ಟಡದ ಪಕ್ಕಕ್ಕೆ. ಅವರು ಕೂತಲ್ಲಿಂದ ನನ್ನ ಬಾಗಿಲೂ ಕಾಣುವುದಿಲ್ಲ, ಬೀಗವೂ ಕಾಣುವುದಿಲ್ಲ. ಆದರೂ ಎಷ್ಟು ಧೈರ್ಯವಾಗಿ ಹೇಳುತ್ತಾರೆಂದರೆ ನನಗೆ ಅವರ ಮೇಲೆ ಸ್ವಲ್ಪ ಹೊಟ್ಟೆಯುರಿ.

ನಾನು ಅಮರಾಪುರದ ಕಡೆಯವಳು. ವಯಸ್ಸು ನಲವತ್ತೆಂಟು, ಕೆಲಸ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ, ಮದುವೆ ಆಗಿಲ್ಲ. ಯಾಕೆ ಆಗಲಿಲ್ಲವೆಂದು ಮೊದಲು ಜನ ಕೇಳುತ್ತಿದ್ದರು. ಆಗ ಸಿಟ್ಟು ಬರುತ್ತಿತ್ತು. ಈಗ ಯಾರೂ ಕೇಳುವುದಿಲ್ಲ. ಅದಕ್ಕೂ ಸಿಟ್ಟು ಬರುತ್ತದೆ. ಅಮ್ಮ ಇದ್ದಷ್ಟು ದಿನ ಹದಿನೈದು ದಿನಕ್ಕೊಮ್ಮೆ ಬಸ್ಸು ಬದಲಿಸಿ ಬದಲಿಸಿ ಊರಿಗೆ ಹೋಗುತ್ತಿದ್ದೆ. ಅವಳು ಹೋದ ಮೇಲೆ ಊರಿನಲ್ಲಿರುವುದು ತಮ್ಮನ ಮನೆ. ಅಲ್ಲಿ ನನ್ನನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾರೆಂದರೆ ನಾನು ನೆಂಟಳೆಂಬುದು ಗೊತ್ತಾಗಿಬಿಡುತ್ತದೆ. ಹಾಗಾಗಿ ಹೋಗುವುದು ಕಡಿಮೆಯಾಯಿತು. ಇಲ್ಲಿ ನನ್ನ ಸಂಜೆಗಳ ದೊಡ್ಡ ಸಮಸ್ಯೆ ಮುದ್ದೆ. ಒಬ್ಬರಿಗೆ ಬೇಕಾಗುವಷ್ಟು ಮುದ್ದೆಯನ್ನು ಈ ಭೂಮಿಯ ಮೇಲೆ ಯಾರೂ ಮಾಡಲಾರರು. ಹಿಟ್ಟು ಅಷ್ಟು ಕಡಿಮೆಯಾದರೆ ಕೋಲು ಆಡುವುದಿಲ್ಲ, ಗಂಟಾಗುತ್ತದೆ. ಹಾಗಾಗಿ ಇಬ್ಬರಿಗೆ ಮಾಡುತ್ತೇನೆ. ಒಂದನ್ನು ಉಣ್ಣುತ್ತೇನೆ, ಇನ್ನೊಂದನ್ನು ತಟ್ಟೆಯಲ್ಲಿಟ್ಟು ಸ್ವಲ್ಪ ಹೊತ್ತು ನೋಡುತ್ತೇನೆ, ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿ ಕುಡಿಯುತ್ತೇನೆ. ಇದನ್ನು ಕರುಣೆಗಾಗಿ ಹೇಳುತ್ತಿಲ್ಲ. ಬೆಳಗಿನ ತಿಂಡಿಯ ಚಿಂತೆ ತಪ್ಪುತ್ತದೆಂದು ಹೇಳಿದೆ.

ನನ್ನ ಒಂಟಿತನದ ಬೆಲೆಯನ್ನು ಸರಿಯಾಗಿ ಅರಿತವರು ನಮ್ಮ ಹೆಡ್ ಮಾಸ್ಟರು. ಚುನಾವಣೆ ಬರಲಿ, ಸರ್ವೆ ಬರಲಿ, ಪುಸ್ತಕದ ಬಂಡಲು ತರಲು ಯಾರಾದರೂ ಅನಂತಪುರಕ್ಕೆ ಹೋಗಬೇಕಾಗಿ ಬರಲಿ, ಅವರ ಕಣ್ಣು ಸ್ಟಾಫ್ ರೂಮನ್ನೆಲ್ಲ ಸುತ್ತಿ ನನ್ನ ಮೇಲೆ ಬಂದು ನಿಲ್ಲುತ್ತದೆ. "ನಿಮಗೇನ್ರಿ ಮೇಡಂ, ಮನ್ಯಾಗ ಕಾಯೋರು ಯಾರದಾರ?" ಎನ್ನುತ್ತಾರೆ. ಅವರ ಮನಸ್ಸಿನಲ್ಲಿ ಕೆಟ್ಟದ್ದೇನಿಲ್ಲ. ಇದ್ದ ಸಂಗತಿಯನ್ನು ಹೇಳುತ್ತಾರೆ. ನಾನೂ ನಕ್ಕು ಸಹಿ ಹಾಕುತ್ತೇನೆ, ಆದರೆ ಆ ಮಾತು ಅವತ್ತಿಡೀ ಚಪ್ಪಲಿಯೊಳಗಿನ ಕಲ್ಲಿನಂತೆ ಜೊತೆಗೇ ನಡೆಯುತ್ತಿರುತ್ತದೆ. ಅನಂತಪುರದಲ್ಲಿ ಎರಡು ದಿನದ ತರಬೇತಿ ಇದೆ, ಪರೀಕ್ಷೆಗೆ ಹೆದರುವ ಮಕ್ಕಳಿಗೆ ಧೈರ್ಯ ತುಂಬುವುದು ಹೇಗೆಂದು ಕಲಿಸುತ್ತಾರಂತೆ ಎಂದು ಆದೇಶ ಬಂದಾಗಲೂ ಹೀಗೇ ಆಯಿತು. ಬೀಗಕ್ಕೆ ಹೆದರುವವಳನ್ನು ಧೈರ್ಯ ಕಲಿಯಲು ಕಳಿಸಿದರು.

ತರಬೇತಿ ಕೊಟ್ಟವಳು ನನ್ನ ಅರ್ಧ ವಯಸ್ಸಿನ ಹುಡುಗಿ. ಅಚ್ಚ ತೆಲುಗಿನಲ್ಲಿ, ಒಂದು ಸಲವೂ ದನಿ ಏರಿಸದೆ, ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ ಎಂಬುದನ್ನು ವಿವರಿಸಿದಳು. ಹೆಸರು ದೊಡ್ಡದು, ಒಳಗಿರುವ ಮಾತು ಸಣ್ಣದು: ನಮ್ಮನ್ನು ಹೆದರಿಸುವುದು ಸಂಗತಿಗಳಲ್ಲ, ಸಂಗತಿಯ ಬಗ್ಗೆ ನಾವು ಮಾಡಿಕೊಳ್ಳುವ ಯೋಚನೆ. ಆ ಯೋಚನೆಯನ್ನು ಹಿಡಿದು ಕಾಗದದ ಮೇಲೆ ಕೂರಿಸಬೇಕು. ಅದಕ್ಕೆಂದೇ ಒಂದು ಹಾಳೆ ಕೊಟ್ಟಳು. ಏನಾಯಿತು, ಮನಸ್ಸಿಗೆ ಏನು ಬಂತು, ಭಯ ನೂರಕ್ಕೆ ಎಷ್ಟು, ಆ ಯೋಚನೆ ನಿಜವೆನ್ನಲು ಪುರಾವೆ ಏನು, ಸುಳ್ಳೆನ್ನಲು ಪುರಾವೆ ಏನು ಎಂದು ಉದ್ದಕ್ಕೆ ಗೆರೆ ಎಳೆದಿತ್ತು. ಪುರಾವೆ ಕಣ್ಣಿಗೆ ಕಾಣುವಂಥದ್ದೇ ಆಗಬೇಕು, ನನಗೆ ಹಾಗನ್ನಿಸಿತು ಎನ್ನುವುದು ನಡೆಯದು. ಕೊನೆಗೆ, ಹೆದರುವ ಕೆಲಸವನ್ನು ಸ್ವಲ್ಪ ಸ್ವಲ್ಪವಾಗಿ ಮಾಡಿಯೇ ನೋಡಬೇಕು. ನೀವೂ ನಿಮ್ಮದೊಂದು ಭಯ ಬರೆಯಿರಿ ಎಂದಾಗ ನಾನು ಹಾವು ಎಂದು ಬರೆದು ಮಡಚಿ ಕೊಟ್ಟೆ. ಮರ್ಯಾದೆಯ ಪ್ರಶ್ನೆ.

ವಾಪಸು ಬಂದಾಗ ನನಗಾಗಿ ಕಾದಿದ್ದವಳು ಓಬಳಮ್ಮ. ಹತ್ತನೇ ತರಗತಿ, ಕಣೇಕಲ್ಲು ರಸ್ತೆಯ ಒಂದು ಹಳ್ಳಿಯಿಂದ ದಿನಾ ಶೇರ್ ಆಟೋದಲ್ಲಿ ಬರುವ ಹುಡುಗಿ, ಮನೆಯಲ್ಲಿ ಕುರಿ. ಕ್ಲಾಸಿನಲ್ಲಿ ಅವಳ ದನಿಯನ್ನು ನಾನು ಕೇಳಿದ್ದೇ ಅಪರೂಪ. ಹಾಜರಿ ಕೂಗಿದಾಗಲೂ ಕೈ ಎತ್ತುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ. ಆದರೆ ಬರೆಯುವುದರಲ್ಲಿ ಚುರುಕು, ಗಣಿತದಲ್ಲಂತೂ ಇಡೀ ಕ್ಲಾಸಿಗೆ ಮುಂದು. ಅಂಥವಳು ಪ್ರಿಪರೇಟರಿ ಪರೀಕ್ಷೆಯ ಗಣಿತದ ದಿನ ಖಾಲಿ ಹಾಳೆ ಕೊಟ್ಟು ಬಂದಿದ್ದಳು. ಆಗಿದ್ದು ಇಷ್ಟು. ಅವತ್ತು ಬಂದ ಬಂಡಲಿನಲ್ಲಿ ತೆಲುಗು ಪ್ರಶ್ನೆಪತ್ರಿಕೆಗಳಿದ್ದವು, ಇಂಗ್ಲಿಷಿನವು ಇದ್ದವು, ಕನ್ನಡದವು ಇರಲಿಲ್ಲ. ಯಾರೋ ಎಲ್ಲೋ ಮರೆತಿದ್ದರು. ಫೋನು ಮಾಡಿ, ಇನ್ನೊಂದು ಕಡೆಯಿಂದ ತರಿಸಿ, ಜೆರಾಕ್ಸ್ ಮಾಡಿಸಿ ಕೊಡುವ ಹೊತ್ತಿಗೆ ಒಂದು ಗಂಟೆ ಕಳೆಯಿತು. ಉಳಿದ ನಮ್ಮ ಮಕ್ಕಳು ಆ ಒಂದು ಗಂಟೆ ಹಾಯಾಗಿ ಹರಟಿದರು. ಓಬಳಮ್ಮ ಬೆವರುತ್ತ ಕೂತಿದ್ದಳಂತೆ. ಪತ್ರಿಕೆ ಕೈಗೆ ಬಂದಾಗ ಬೆರಳುಗಳು ಪೆನ್ನು ಹಿಡಿಯಲಿಲ್ಲ. ಅಂದಿನಿಂದ ಪರೀಕ್ಷೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ವಾಂತಿ. ಅವಳ ತಾಯಿ ಸ್ಕೂಲಿಗೆ ಬಂದು ನೇರವಾಗಿ ಹೇಳಿದಳು: "ಬರೀತಾಳಂದ್ರ ಓದ್ಲಿ ಟೀಚರಮ್ಮ, ನಾವೇನು ಬ್ಯಾಡನ್ನಂಗಿಲ್ಲ. ಬರೀಲಿಲ್ಲಂದ್ರ ಬ್ಯಾಸಿಗ್ಯಾಗ ಕುರಿ ಜೊತಿ ಗದ್ದಿ ಕಡೆ ಹೋಗ್ತಾಳ. ಆಮ್ಯಾಗ ಮತ್ತ ಸಾಲಿ ಅನ್ನಂಗಿಲ್ಲ." ಕಟಾವಾದ ಗದ್ದೆಗಳಲ್ಲಿ ಗೊಬ್ಬರಕ್ಕಾಗಿ ಮಂದೆ ನಿಲ್ಲಿಸುತ್ತ ಊರಿಂದೂರಿಗೆ ಹೋಗುವ ಮನೆತನ ಅವರದು. ಹಾಗೆ ಹೋದವಳು ಮತ್ತೆ ಬೆಂಚಿಗೆ ಬರುವುದಿಲ್ಲವೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಪಬ್ಲಿಕ್ ಪರೀಕ್ಷೆಗೆ ಆರು ವಾರ ಉಳಿದಿತ್ತು.

ನಾನು ತರಬೇತಿಯಲ್ಲಿ ಕೊಟ್ಟ ಹಾಳೆಯನ್ನು ಕನ್ನಡದಲ್ಲಿ ಬರೆದುಕೊಂಡು, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಲ್ಯಾಬಿನ ಮೂಲೆಯಲ್ಲಿ ಅವಳನ್ನು ಕೂರಿಸಿಕೊಂಡೆ. ಮೊದಲ ದಿನವೇ ಸೋತೆ. ನಿನ್ನ ಭಯ ನೂರಕ್ಕೆ ಎಷ್ಟು ಎಂದು ಕೇಳಿದರೆ ಹುಡುಗಿ ತಲೆ ಬಗ್ಗಿಸಿ ಕೂತುಬಿಟ್ಟಳು. ಐವತ್ತೇ, ಎಂಬತ್ತೇ ಎಂದು ನಾನೇ ಹರಾಜು ಕೂಗಿದೆ. ಉಹೂಂ. ಎರಡನೆಯ ದಿನವೂ ಅಷ್ಟೆ. ಗಣಿತದಲ್ಲಿ ಮುಂದಿರುವವಳು ನೂರರೊಳಗಿನ ಒಂದು ಸಂಖ್ಯೆ ಹೇಳಲಾರಳೇ ಎಂದು ನನಗೆ ರೇಗಿತು. ಹಾಳೆಯ ಕೆಳಗೆ 'ಸಹಕಾರ ಇಲ್ಲ' ಎಂದು ಬರೆದೆ. ಬರೆದದ್ದನ್ನು ಅವಳು ತಲೆಕೆಳಗಾಗಿಯೇ ಓದಿದಳು. ಓದಿ, ನಾನು ಮೂರು ವರ್ಷದಲ್ಲಿ ಅವಳ ಬಾಯಿಂದ ಕೇಳಿದ ಮೊದಲ ಇಡೀ ವಾಕ್ಯವನ್ನು ಹೇಳಿದಳು.

"ಜೀವ ಇರೋದನ್ನ ಎಣಸಬಾರ್ದ್ರಿ ಮೇಡಂ."

ಬಿಡಿಸಿ ಕೇಳಿದ ಮೇಲೆ ತಿಳಿಯಿತು. ಅವರ ಮನೆಯಲ್ಲಿ ಕುರಿಗಳನ್ನು ಸಂಖ್ಯೆ ಹಾಕಿ ಎಣಿಸುವುದಿಲ್ಲ. ಎಣಿಸಿದರೆ ಕಡಿಮೆಯಾಗುತ್ತವೆಂದು ಅವಳ ತಾತನ ನಂಬಿಕೆ. ಎದೆಯೊಳಗೆ ಮಿಸುಕಾಡುವ ಭಯವೂ ಜೀವ ಇರುವಂಥದ್ದೇ ಎಂದು ಇವಳು ತೀರ್ಮಾನಿಸಿದ್ದಳು. "ಹಂಗಾದ್ರೆ ಒಂದು ಕುರಿ ತಪ್ಪಿಸ್ಕಂಡ್ರೆ ನಿಮ್ಮ ತಾತಂಗೆ ಹೆಂಗಮ್ಮ ಗೊತ್ತಾಗ್ತೈತೆ?" ಎಂದು ನಾನು ನಮ್ಮ ಕಡೆಯ ಮಾತಿನಲ್ಲಿ ಕೇಳಿದೆ. ಸಂಜೆ ಮಂದೆ ಒಳಗೆ ಬಂದ ಮೇಲೆ ತಾತ ಹಟ್ಟಿಯ ಬಾಗಿಲಲ್ಲಿ ನಿಂತು ಸುಮ್ಮನೆ ಒಂದು ಸಲ ನೋಡುತ್ತಾನಂತೆ, ಅಷ್ಟೆ. "ಇಲ್ಲದ್ದು ಕಾಣ್ತೈತ್ರಿ" ಎಂದಳು. ನಾನು ಹಾಳೆಯಲ್ಲಿ ನೂರರ ಗೆರೆಯನ್ನು ಹೊಡೆದುಹಾಕಿದೆ. ನಿನ್ನ ಭಯಗಳನ್ನು ಎಣಿಸಬೇಡ, ಮಂದೆಯ ಹಾಗೆ ಒಂದೊಂದಾಗಿ ಗುರುತು ಹೇಳು ಎಂದೆ. ಆಗ ನೋಡಿ ಹುಡುಗಿಯ ಬಾಯಿ. ಮೇಲ್ವಿಚಾರಕರು ತೆಲುಗಿನಲ್ಲಿ ಗದರುವುದು ಒಂದು ಕುಂಟ ಮರಿ, ಅದಕ್ಕೆ ಓಡಲು ಬಾರದು. ಹಾಲ್ ಟಿಕೆಟ್ ಕಳೆದುಹೋಗುವುದು ಒಂದು ಮೊಂಡು ಟಗರು, ಕಟ್ಟಿಹಾಕಿದರೆ ಸುಮ್ಮನಿರುತ್ತದೆ. ಎಲ್ಲರ ಮುಂದೆ ವಾಂತಿಯಾಗುವುದು ಇನ್ನೊಂದು. ಇವೆಲ್ಲವುಗಳ ಮುಂದೆ ನಡೆಯುವುದು ಒಂದು ಹೋತ: ಕನ್ನಡ ಪತ್ರಿಕೆ ಬರದಿದ್ದರೆ? "ಅದು ಹೊಂಟ್ರ ಉಳಿದವೆಲ್ಲ ಹಿಂದ ಹೊಂಡ್ತಾವ್ರಿ. ಅದನ್ನ ನಿಲ್ಲಿಸಿದ್ರ ಎಲ್ಲ ನಿಲ್ತಾವ." ಅನಂತಪುರದ ಹುಡುಗಿ ಎರಡು ದಿನ ಹೇಳಿದ್ದನ್ನು ಇವಳು ಎರಡು ಮಾತಿನಲ್ಲಿ ಮುಗಿಸಿದಳು.

ಹೋತ ಯಾವುದೆಂದು ಗೊತ್ತಾಯಿತು, ನಿಲ್ಲಿಸುವುದು ಹೇಗೆ? ಹಾಳೆಯ ಪ್ರಕಾರ ಪುರಾವೆ ಕೇಳಬೇಕು. ಪತ್ರಿಕೆ ಬರುವುದಿಲ್ಲ ಎನ್ನಲು ಪುರಾವೆ ಏನೆಂದೆ. ಪ್ರಿಪರೇಟರಿಯಲ್ಲಿ ಬಂದಿರಲಿಲ್ಲವಲ್ಲ ಎಂದಳು. ಇದಕ್ಕೆ ತರಬೇತಿಯಲ್ಲಿ ಉತ್ತರವಿರಲಿಲ್ಲ. ಅಲ್ಲಿ ತೋರಿಸಿದ ಮಾದರಿ ಹಾಳೆಗಳಲ್ಲಿ ಮಕ್ಕಳ ಭಯಗಳೆಲ್ಲ ಸುಳ್ಳಾಗಿದ್ದವು. ನಿಜ ಎನ್ನುವ ಕಡೆ ಪುರಾವೆ ಸೊನ್ನೆ, ಸುಳ್ಳು ಎನ್ನುವ ಕಡೆ ಪಟ್ಟಿ. ನಮ್ಮದು ಗಡಿ ಸೀಮೆ. ಇಲ್ಲಿ ಭಯಕ್ಕೆ ಪುರಾವೆ ಕೇಳಿದರೆ ಜೆರಾಕ್ಸ್ ಸಮೇತ ಸಿಗುತ್ತದೆ. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಬಾರದೆಯೂ ಇರಬಹುದು ಕಣಮ್ಮ, ಬಾರದಿದ್ದರೆ ಏನು ಮಾಡಬೇಕೆಂಬುದನ್ನು ಕಲಿಯೋಣ ಎಂದೆ. ಎದ್ದು ನಿಲ್ಲುವುದು, ಕೈ ಎತ್ತುವುದು, ನನ್ನದು ಕನ್ನಡ ಎಂದು ಹೇಳುವುದು. ಲ್ಯಾಬಿನಲ್ಲಿ ನಾನು ಮೇಲ್ವಿಚಾರಕಿಯಾಗಿ ತೆಲುಗಿನಲ್ಲಿ ಗದರುತ್ತಿದ್ದೆ, ಅವಳು ನಿಂತು ಹೇಳಬೇಕಿತ್ತು. ಮೊದಮೊದಲು ನಿಲ್ಲುತ್ತಿದ್ದಳು, ದನಿ ಬರುತ್ತಿರಲಿಲ್ಲ. ಆಮೇಲೆ ಬಂತು, ಆದರೆ ಅದು ನನಗೂ ಅವಳಿಗೂ ಮಾತ್ರ ಕೇಳುವಷ್ಟು. ಹೆಡ್ ಮಾಸ್ಟರು ಒಂದು ದಿನ ಕಿಟಕಿಯಲ್ಲಿ ಇಣುಕಿ, ನಾಟಕದ ಪ್ರಾಕ್ಟೀಸೇನ್ರಿ ಎಂದು ಕೇಳಿಕೊಂಡು ಹೋದರು. ಆ ಮಧ್ಯಾಹ್ನಗಳಲ್ಲಿ ನನಗೆ ಎಷ್ಟು ಸುಖವಾಗುತ್ತಿತ್ತೆಂದು ಹೇಳಲು ನಾಚಿಕೆ. ದಿನಕ್ಕೆ ಅರ್ಧ ಗಂಟೆ ಒಬ್ಬರು ನನ್ನ ಎದುರಿಗೇ ಕೂತಿರುತ್ತಿದ್ದರು.

ಪರೀಕ್ಷೆ ಹತ್ತಿರ ಬಂದಾಗ ನಾನು ಪಾಠದ ಕೊನೆಯ ಭಾಗ ಶುರು ಮಾಡಿದೆ: ಹೆದರುವ ಕೆಲಸವನ್ನು ಮಾಡಿಯೇ ನೋಡಬೇಕು, ಭಯ ಏರುತ್ತದೆ, ಏರಿದ್ದು ಇಳಿಯುತ್ತದೆ, ಧೈರ್ಯವಾಗಿ ಕಾಯಬೇಕು ಇತ್ಯಾದಿ. ಓಬಳಮ್ಮ ಎಲ್ಲವನ್ನೂ ಕೇಳಿದಳು. ಕೇಳಿ, ನೆಲ ನೋಡುತ್ತ ಒಂದು ಪ್ರಶ್ನೆ ಹಾಕಿದಳು. "ಮತ್ತ ನೀವ್ಯಾಕ್ರಿ ಮೇಡಂ ದಿನಾ ಮೂರು ಸಲ ಹೊಳ್ಳಿ ಹೋಗ್ತೀರಿ?"

ನಮ್ಮ ಬೀದಿಯ ತಿರುವಿನಲ್ಲೇ ಅವಳ ಆಟೋ ನಿಲ್ಲುತ್ತದೆಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಮೂರು ವರ್ಷದಿಂದ ನೋಡಿದ್ದಾಳೆ. ನಾನು ಕನ್ನಡಕ ಒರೆಸಿದೆ, ಕೊನೆಗೆ ಹೇಳಿದೆ. ಬೀಗ ಎಂದೆ. ಅವಳು ನಗಲಿಲ್ಲ. ನನ್ನ ಕಡೆ ಹಾಳೆ ತಳ್ಳಿ, ಬೀಗ ಹಾಕಿಲ್ಲ ಎನ್ನಲು ಪುರಾವೆ ಏನು, ಎಂದಾದರೂ ಹಾಕದೆ ಬಂದದ್ದುಂಟೋ ಎಂದು ವಿಚಾರಿಸಿದಳು. ಇಲ್ಲವೆಂದೆ. ಹಾಗಾದರೆ ನನ್ನ ಭಯ ಅವಳ ಭಯಕ್ಕಿಂತ ಬಡಕಲು ಎಂಬುದು ಇಬ್ಬರಿಗೂ ಸ್ಪಷ್ಟವಾಯಿತು. ಆಮೇಲೆ ಕುರಿ ಸಂತೆಯಲ್ಲಿ ಬೆಳೆದ ಹುಡುಗಿ ವ್ಯಾಪಾರ ಕುದುರಿಸಿದಳು. "ಗಣಿತದ ದಿನ ನೀವು ಬೀಗ ನೋಡಾಕ ಹೋಗದಂಗ ಬರ್ರಿ. ನಾ ಒಳಗ ಹೋಗ್ತೀನಿ. ನೀವು ಹೊಳ್ಳಿ ಹೋದ್ರ ನಾನೂ ಹೊಳ್ಳಿ ಹೋಗ್ತೀನಿ." ಪುಸ್ತಕ ಕೈಗೆತ್ತಿಕೊಂಡು ಕ್ಲಾಸಿಗೆ ನಡೆದಳು. ಚೌಕಾಶಿಗೆ ಅವಕಾಶವನ್ನೇ ಕೊಡಲಿಲ್ಲ.

ಭಾಷೆಗಳ ಪತ್ರಿಕೆಗಳು ಸಲೀಸಾಗಿ ಮುಗಿದವು. ಕನ್ನಡ ಭಾಷೆಯ ಪತ್ರಿಕೆ ಕನ್ನಡದಲ್ಲೇ ಇರಬೇಕಲ್ಲ, ಹೆದರುವ ಪ್ರಶ್ನೆಯಿಲ್ಲ. ಗಣಿತದ ದಿನ ಬೆಳಿಗ್ಗೆ ನಾನು ಐದಕ್ಕೇ ಎದ್ದೆ. ನಿನ್ನೆಯ ಮುದ್ದೆ ಕುಡಿಯಲು ಸೇರಲಿಲ್ಲ. ತಿರುಗಿ ನೋಡಬಾರದು, ಏನೇ ಆದರೂ ತಿರುಗಿ ನೋಡಬಾರದು ಎಂದು ಬಾಯಲ್ಲೇ ಹೇಳಿಕೊಳ್ಳುತ್ತ ಬೀಗ ಸಿಕ್ಕಿಸಿ ಮೆಟ್ಟಿಲಿಳಿದೆ. ಸಾಬರು ಗುಂಡಿ ಕೂರಿಸುತ್ತಿದ್ದರು. ತಿರುವಿನಲ್ಲಿ ಓಬಳಮ್ಮ ನಿಂತಿದ್ದಳು, ಮುಖ ಬಿಳುಚಿಕೊಂಡಿತ್ತು, ಪ್ಯಾಡನ್ನು ಎದೆಗೆ ಅವಚಿಕೊಂಡಿದ್ದಳು. ನನ್ನ ಹೊಟ್ಟೆಯಲ್ಲಿ ಆ ಪ್ರಶ್ನೆ ಸಮಯಕ್ಕೆ ಸರಿಯಾಗಿ ಎದ್ದಿತು. ಅವಳು ನನ್ನ ಕಾಲುಗಳನ್ನೇ ನೋಡುತ್ತಿದ್ದಳು. ಜೀವಮಾನದಲ್ಲಿ ನನ್ನ ಕಾಲುಗಳನ್ನು ಯಾರೂ ಅಷ್ಟು ಗಮನವಿಟ್ಟು ನೋಡಿರಲಿಲ್ಲ. "ನಡಿಯಮ್ಮ" ಎಂದು ಅವಳ ಮುಂಗೈ ಹಿಡಿದೆ. ಯಾರು ಯಾರನ್ನು ಎಳೆದುಕೊಂಡು ಹೋದರೋ ನನಗೆ ತಿಳಿಯದು, ಪರೀಕ್ಷಾ ಕೇಂದ್ರ ಮುಟ್ಟಿದೆವು. ಗೇಟಿನ ಹತ್ತಿರ ಅವಳು ಒಂದು ಸಲ ಓಕರಿಸಿದಳು, ಬಾಟಲಿಯ ನೀರಿನಲ್ಲಿ ಬಾಯಿ ಮುಕ್ಕಳಿಸಿದಳು, ಇಲ್ಲೇ ಇರಬೇಕೆಂದು ನನಗೆ ಹೇಳಿ ಒಳಗೆ ಹೋದಳು.

ಒಳಗೆ ಹೋಗಲು ನಮಗೆ ಅನುಮತಿಯಿಲ್ಲ. ರಸ್ತೆಯ ಆ ಬದಿಯ ಬೇವಿನ ಮರದ ಕೆಳಗೆ ನಿಂತೆ. ಮೂರು ಗಂಟೆಗೂ ಮೇಲಿನ ಪರೀಕ್ಷೆ, ಮೂರು ಗಂಟೆಗೂ ಮೇಲಿನ ಕಾಯುವಿಕೆ. ಬೆಲ್ಲು ಹೊಡೆದ ಮೇಲೆ ಕನ್ನಡ ಪತ್ರಿಕೆ ಬಂತೋ ಇಲ್ಲವೋ ಎಂದು ಕಿವಿ ಗೋಡೆಯ ಕಡೆ. ಬೀಗ ಹಾಕಿದೆನೋ ಇಲ್ಲವೋ ಎಂದು ಮನಸ್ಸು ಮನೆಯ ಕಡೆ. ಭಯ ಏರುತ್ತದೆ, ಏರಿದ್ದು ಇಳಿಯುತ್ತದೆ ಎಂದು ಹೇಳಿದ್ದ ಅನಂತಪುರದ ಹುಡುಗಿಯನ್ನು ನೆನೆದುಕೊಂಡೆ. ಏರಿದ್ದು ನಿಜ. ಇಳಿಯಲು ಅದಕ್ಕೆ ಅವತ್ತು ಪುರುಸೊತ್ತಿರಲಿಲ್ಲ. ಮನೆಗೆ ಹೋಗಿ ನೋಡಿ ಬರಲು ಹದಿನೈದು ನಿಮಿಷ ಸಾಕು, ಹುಡುಗಿಗೆ ಗೊತ್ತೂ ಆಗುವುದಿಲ್ಲ ಎಂಬ ಯೋಚನೆಯೂ ಬಂತು. ಎರಡು ಹೆಜ್ಜೆ ಇಟ್ಟೂ ಬಿಟ್ಟೆ. ಆಗ ಗೇಟಿನ ಕಾನ್‌ಸ್ಟೇಬಲ್ಲು ನನ್ನ ಪರದಾಟ ನೋಡಿ, ನಿಮ್ಮ ಮಗಳು ಪರೀಕ್ಷೆಗೆ ಕೂತಿದ್ದಾಳೆಯೆ ಅಮ್ಮ ಎಂದು ತೆಲುಗಿನಲ್ಲಿ ಕೇಳಿ, ತನ್ನ ಕುರ್ಚಿಯನ್ನು ನೆರಳಿಗೆ ಎಳೆದುಕೊಟ್ಟ. ಅಲ್ಲವೆನ್ನಬೇಕಿತ್ತು. ಹೌದೆಂದು ಕೂತೆ. ಸರ್ಕಾರಿ ನೌಕರಳು ಪೊಲೀಸರಿಗೆ ಸುಳ್ಳು ಹೇಳಿದ್ದು ಅದೊಂದೇ ಸಲ, ಅದೂ ಕುರ್ಚಿಗಾಗಿ ಎಂದು ನೀವು ನಂಬಬೇಕು.

ಓಬಳಮ್ಮ ಕೊನೆಯ ಬೆಲ್ಲಿಗೆ ಹೊರಬಂದಳು. ಬೆರಳ ತುಂಬ ಇಂಕು. ಅವಳು ಹೆದರಿದ್ದು ನಡೆದೇ ಇತ್ತು: ಮೇಲ್ವಿಚಾರಕರು ಸಾಲಿನಲ್ಲಿ ಹಂಚುತ್ತ ಬಂದು ಅವಳ ಮುಂದೆ ತೆಲುಗು ಪತ್ರಿಕೆ ಇಟ್ಟು ಮುಂದೆ ಹೋಗಿದ್ದರು. ಹೋತ ಬಂತು ಮೇಡಂ ಎಂದಳು. ಎದ್ದು ನಿಂತಳಂತೆ. "ನಾದಿ ಕನ್ನಡ ಮೀಡಿಯಂ ಸಾರ್" ಎಂದು, ನನ್ನದು ಕನ್ನಡ ಎನ್ನುವುದನ್ನು ತೆಲುಗಿನಲ್ಲೇ ಹೇಳಿದಳಂತೆ, ಇಡೀ ಹಾಲು ತಿರುಗಿ ನೋಡುವಷ್ಟು ಜೋರಾಗಿ. ಅವರು ಸಾರಿ ಅಮ್ಮ ಎಂದು ಕನ್ನಡದ್ದನ್ನು ಹುಡುಕಿ ಕೊಟ್ಟರು. ಎರಡು ನಿಮಿಷದ ಕೆಲಸ. ಹೇಳುತ್ತ ಹೇಳುತ್ತ ಅವಳು ಅಳತೊಡಗಿದಳು, ನಾನು ಅವಳಿಗಿಂತ ಮೊದಲೇ ಶುರು ಮಾಡಿದ್ದೆ. ಕಣ್ಣೊರೆಸಿಕೊಂಡು ನನ್ನನ್ನು ಬೀಗದ ಬಗ್ಗೆ ಕೇಳಿದಳು. ನೋಡಿಲ್ಲ ಕಣಮ್ಮ ಎಂದೆ. ಪರೀಕ್ಷೆಯಲ್ಲಿ ಪಾಸಾದವರನ್ನು ನೋಡುವ ಹಾಗೆ ನನ್ನನ್ನು ನೋಡಿ ಆಟೋ ಹತ್ತಿದಳು.

ನಾನು ನಿಧಾನವಾಗಿಯೇ ಮನೆಯ ಕಡೆ ನಡೆದೆ. ಬೀಗ ಬಿದ್ದೇ ಇರುತ್ತದೆ, ಇಷ್ಟು ವರ್ಷ ಬಿದ್ದಿದೆ ಎಂದು ಹೇಳಿಕೊಳ್ಳುತ್ತ ಬಂದರೆ ಅಂಗಡಿಯ ಬಾಗಿಲಲ್ಲಿ ಸಾಬರಿಲ್ಲ. ಪಕ್ಕಕ್ಕೆ ತಿರುಗಿದೆ. ಮೆಟ್ಟಿಲ ತುದಿಯಲ್ಲಿ, ನನ್ನ ಬಾಗಿಲಿಗೆ ಬೆನ್ನು ಕೊಟ್ಟು, ಒಂದು ಸ್ಟೂಲಿನ ಮೇಲೆ ಮಸ್ತಾನ್ ಸಾಬರು ಕೂತಿದ್ದರು. ತೊಡೆಯ ಮೇಲೆ ಪ್ಯಾಂಟುಗಳ ರಾಶಿ, ಪಕ್ಕದಲ್ಲಿ ಖಾಲಿ ಟಿಫನ್ ಡಬ್ಬಿ. ಅವರ ತಲೆಯ ಹಿಂದೆ ನನ್ನ ಹಿತ್ತಾಳೆಯ ಬೀಗ ಬಾಯಿ ತೆರೆದುಕೊಂಡು ನೇತಾಡುತ್ತಿತ್ತು. ತಿರುಗಿ ನೋಡಬಾರದು ಎನ್ನುವ ಗಡಿಬಿಡಿಯಲ್ಲಿ ನಾನು ಬೀಗ ಸಿಕ್ಕಿಸಿದ್ದೆ, ಬೀಗದ ಕೈ ತಿರುಗಿಸಿರಲಿಲ್ಲ. ನೋಡದೆ ಹೊರಟ ಒಂದೇ ಒಂದು ದಿನ! ಬೀಗದ ಕೈ ನನ್ನ ಬ್ಯಾಗಿನಲ್ಲಿ, ಅವರಿಗೆ ಹಾಕಲು ಬಾರದು, ಬಿಟ್ಟು ಹೋಗಲು ಮನಸ್ಸಿಲ್ಲ. ಬೆಳಗಿನಿಂದ ಅಲ್ಲೇ ಗುಂಡಿ ಕೂರಿಸಿದ್ದರು. ನಿಮಗೆ ಹೇಗೆ ಗೊತ್ತಾಯಿತು, ಕೂತಲ್ಲಿಂದ ಕಾಣುವುದಿಲ್ಲವಲ್ಲ ಎಂದು ಕೇಳಿದೆ. ಅವರು ಮೊಣಕಾಲು ಹಿಡಿದುಕೊಂಡು ಎದ್ದರು.

"ನೀವು ಮೂರು ಸಲ ಬರಲಿಲ್ಲಲ್ರಿ ಟೀಚರಮ್ಮ. ಇವತ್ತು ಏನೋ ಆಗೈತಿ ಅಂತ ಮ್ಯಾಲ ಬಂದೆ."

ಸ್ಟೂಲನ್ನು ಕೈಯಲ್ಲಿ ಹಿಡಿದು ಒಂದೊಂದೇ ಮೆಟ್ಟಿಲಿಳಿದು ಹೋದರು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ಆ ಯಾರೂ ಕೂರದ ಕುರ್ಚಿಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಅಮ್ಮ ಹೋದ ಮೇಲೆ ಹಾಗೆ ಅತ್ತಿರಲಿಲ್ಲ. ಆಮೇಲೆ ಒಂದು ಹಾಳೆ ತೆಗೆದು, ಹಾವನ್ನು ಬಿಟ್ಟು, ನನ್ನ ನಿಜವಾದ ಹೋತ ಯಾವುದೆಂದು ಬರೆದೆ. ಅದು ಬೀಗವಾಗಿರಲಿಲ್ಲ. ಒಂದು ದಿನ ನಾನು ಇಲ್ಲವಾದರೆ ಯಾರಿಗೂ ಗೊತ್ತಾಗುವುದಿಲ್ಲ, ಎಂದು ಬರೆದೆ. ನಿಜವೆನ್ನಲು ಪುರಾವೆ: ಎರಡನೆಯ ಮುದ್ದೆ, ಹೆಡ್ ಮಾಸ್ಟರ ಮಾತು, ರೀಚಾರ್ಜ್ ಮುಗಿದಿದೆಯೆಂದು ಹೇಳಲು ಮಾತ್ರ ಬರುವ ಫೋನು. ಗೆರೆ ಸಾಲದೆ ಹಿಂಬದಿಗೂ ಬರೆದೆ. ಸುಳ್ಳೆನ್ನಲು ಪುರಾವೆ: ಮೆಟ್ಟಿಲ ಮೇಲೆ ಒಂದು ಸ್ಟೂಲು. ಕಣ್ಣಿಗೆ ಕಾಣುವಂಥದ್ದೇ, ನಾನೇ ನೋಡಿದ್ದು.

ಓಬಳಮ್ಮ ಪಾಸಾದಳು. ಗಣಿತದಲ್ಲಿ ಬಂದ ಅಂಕಗಳನ್ನು ನಾನು ಹೇಳುವುದಿಲ್ಲ, ಎಣಿಸಬಾರದಲ್ಲ. ಜೂನಿನಲ್ಲಿ ಕಣೇಕಲ್ಲಿನ ಕಡೆಯೇ ಕಾಲೇಜು ಸೇರಿದಳು, ಕುರಿಗಳು ಅವಳನ್ನು ಬಿಟ್ಟು ಹೋದವು. ಹೇಳಿ ಹೋಗಲು ಬಂದವಳು ನನ್ನ ಇನ್ನೊಂದು ಕುರ್ಚಿಯಲ್ಲಿ ಕೂತು, ಎರಡನೆಯ ಮುದ್ದೆಯನ್ನು ಉಂಡು, ಈಗ ಬೀಗ ನೋಡದೆ ಬರ್ತೀರಲ್ಲ ಮೇಡಂ ಎಂದು ಕೇಳಿದಳು. ಆ ದಿನ ಬೀಗ ಬಿದ್ದಿರಲಿಲ್ಲವೆಂಬುದನ್ನು ಅವಳಿಗೆ ನಾನು ಇವತ್ತಿಗೂ ಹೇಳಿಲ್ಲ. ಶಿಷ್ಯೆಯ ಚಿಕಿತ್ಸೆ ಕೆಡಿಸಬಾರದು. ಹೌದಮ್ಮ, ವಾಸಿಯಾಗಿದೆ ಎಂದೆ. ಈಗ ನಮ್ಮ ತಿರುವಿನಲ್ಲಿ ಅವಳ ಆಟೋ ನಿಲ್ಲುವುದಿಲ್ಲ, ಹಾಗಾಗಿ ಸಿಕ್ಕಿಬೀಳುವ ಭಯವಿಲ್ಲ. ಲ್ಯಾಬಿನ ಮೂಲೆಯಲ್ಲಿ ಮಧ್ಯಾಹ್ನ ಒಬ್ಬಳೇ ಊಟ ಮಾಡುತ್ತೇನೆ. ಬೆಳಿಗ್ಗೆ ಎಂಟಕ್ಕೆ ಬೀಗ ಹಾಕಿ, ತಿರುವಿನವರೆಗೆ ಹೋಗಿ, ಮೂರು ಸಲ ವಾಪಸು ಬರುತ್ತೇನೆ. ಎರಡನೆಯ ಸಲದಿಂದ ಸಾಬರು ತಲೆ ಎತ್ತದೆಯೇ ಅದೇ ಮಾತು ಹೇಳುತ್ತಾರೆ, ಬೀಗ ಬಿದ್ದೈತ್ರಿ ಟೀಚರಮ್ಮ ಎಂದು. ಮೊದಲನೆಯ ಸಲ ಬರುವುದು ಬೀಗಕ್ಕೆ. ಉಳಿದ ಎರಡು ಸಲ ಯಾಕೆಂದು ಯಾರಾದರೂ ಕೇಳಿದರೆ, ಅದೂ ಬೀಗಕ್ಕೇ ಎಂದು ಹೇಳುತ್ತೇನೆ.